ರಾಣಿಯನ್ನು ಹುಡುಕಬೇಡಿ, ಗೇಟು ನೋಡಿ

(ಮಡಿಕೇರಿಯಲ್ಲಿ ಮಳೆಗಾಲದ ಒಂದು ಶನಿವಾರ ಸಂಜೆ ಎಲೆ ಆಟದ ಗೆಳೆಯರ ಮುಂದೆ ಬ್ರಿಡ್ಜ್ ಆಟದ ಬಗ್ಗೆ ಆಡಿದ ಮಾತುಗಳಿವು. ಹೇಳುವಾಗ ನನ್ನ ಕೈಯಲ್ಲಿ ಎಲೆಗಳಿದ್ದವು, ಓದುವವರ ಮುಂದೆ ಅವಿಲ್ಲ. ಅದಕ್ಕೇ ಅಲ್ಲಲ್ಲಿ ಎರಡು ಮಾತು ಸೇರಿಸಿದ್ದೇನೆ. ಮನೆಯಲ್ಲಿ ಹಳೇ ಕಟ್ಟೊಂದಿದ್ದರೆ ಎಲೆ ಹರಡಿಕೊಂಡೇ ಓದಿ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಇಷ್ಟು ಜನ ಬರುತ್ತೀರಿ ಎಂದುಕೊಂಡಿರಲಿಲ್ಲ. ಕರೆಂಟು ಯಾವಾಗ ಬೇಕಾದರೂ ಹೋಗಬಹುದು, ಹೋದರೆ ಗಾಬರಿ ಬೇಡ, ಎಮರ್ಜೆನ್ಸಿ ದೀಪ ಚಾರ್ಜ್ ಮಾಡಿಟ್ಟಿದ್ದೇವೆ. ನಮ್ಮ ಕೊಡವರ ಕಕ್ಕಡ ತಿಂಗಳ ಮಳೆಯಲ್ಲಿ ನಾಟಿ ಮುಗಿಸಿದ ಮೇಲೆ ಮನುಷ್ಯ ಮಾಡುವುದಾದರೂ ಏನು? ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಕುಡಿದದ್ದಾಯಿತು, ಮಾರನೇ ದಿನ ಮೂತ್ರದ ಬಣ್ಣ ನೋಡಿ ಔಷಧಿ ಮೈಗೆ ಹತ್ತಿದೆ ಎಂದು ಸಮಾಧಾನಪಟ್ಟದ್ದೂ ಆಯಿತು. ಉಳಿದದ್ದು ಎಲೆ ಆಟ.

ನಿಮ್ಮಲ್ಲಿ ಅರ್ಧ ಜನ ಇಪ್ಪತ್ತೆಂಟು ಎನ್ನುವ ಎಲೆ ಆಟ ಆಡುವವರು, ಮುಖ ನೋಡಿದರೇ ಗೊತ್ತಾಗುತ್ತದೆ. ಅವರಿಗೆ ಮೊದಲೇ ಒಂದು ಮಾತು. ಇಪ್ಪತ್ತೆಂಟರಲ್ಲಿ ಗುಲಾಮನೇ ಯಜಮಾನ: ಅವನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಬ್ರಿಡ್ಜಿನಲ್ಲಿ ಆ ತಲೆಕೆಳಗಿನ ರಾಜ್ಯ ಇಲ್ಲ. ಎಕ್ಕ ದೊಡ್ಡದು, ಆಮೇಲೆ ರಾಜ, ರಾಣಿ, ಗುಲಾಮ, ಹತ್ತು, ಹೀಗೆ ಎರಡರ ತನಕ. ಪೂರ್ತಿ 52 ಎಲೆ, ತಲೆಗೆ 13. ಎದುರು ಬದುರು ಕೂತವರು ಜೊತೆಗಾರರು. ನಾಲ್ಕು ಎಲೆ ಬಿದ್ದರೆ ಒಂದು ಪಟ್ಟು, ಒಟ್ಟು 13 ಪಟ್ಟು. ಇಷ್ಟು ಪಟ್ಟು ಹಿಡಿಯುತ್ತೇವೆ ಎಂದು ಕೂಗಿದ ಮೇಲೆ ಹಿಡಿಯಲೇಬೇಕು, ಅದೇ ಕಾಂಟ್ರಾಕ್ಟ್. ಕೂಗಿದ ಜೋಡಿಯಲ್ಲಿ ಒಬ್ಬ ಆಡುತ್ತಾನೆ, ಅವನು ಡಿಕ್ಲೇರರ್. ಅವನ ಜೊತೆಗಾರ ತನ್ನ ಎಲೆಯನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರುತ್ತಾನೆ, ಅವನು ಡಮ್ಮಿ. ಡಮ್ಮಿ ಆದವನು ಒಂದು ಹುಬ್ಬನ್ನೂ ಏರಿಸುವಂತಿಲ್ಲ. ನನ್ನ ಅನುಭವದಲ್ಲಿ ಬ್ರಿಡ್ಜಿನ ಅತಿ ಕಷ್ಟದ ಕೆಲಸ ಅದು.

ಇನ್ನೊಂದು ತೊಡಕು ಹೆಸರಿನದು. ನಮ್ಮಲ್ಲಿ ಇಡೀ ಆಟಕ್ಕೂ ಇಸ್ಪೀಟು ಎನ್ನುತ್ತೇವೆ, ಒಂದು ಜಾತಿಗೂ ಇಸ್ಪೀಟು ಎನ್ನುತ್ತೇವೆ. ಇವತ್ತು ನಾನು ಇಸ್ಪೀಟು ಎಂದರೆ ಆ ಕರೀ ಎಲೆಯ ಜಾತಿ ಮಾತ್ರ. ಉಳಿದವು ಆಟೀನು, ಡೈಮನ್, ಕಳಾವರ್.

ಕೂಗುವ ಭಾಗ, ಅಂದರೆ ಬಿಡ್ಡಿಂಗ್, ಅದರ ಸುದ್ದಿ ಇವತ್ತು ಎತ್ತುವುದಿಲ್ಲ. ಎತ್ತಿದರೆ ಗಂಡ ಹೆಂಡತಿ ಒಟ್ಟಿಗೆ ಬಂದವರು ಬೇರೆ ಬೇರೆ ಜೀಪಿನಲ್ಲಿ ಮನೆಗೆ ಹೋಗಬೇಕಾಗುತ್ತದೆ. ಈಗ ನಾವು ಆಡುವ ಅಂಕದ ಪದ್ಧತಿಯನ್ನು ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ 1925ರಲ್ಲಿ ಹಡಗಿನ ಪ್ರಯಾಣದಲ್ಲಿ, ಪನಾಮಾ ಕಾಲುವೆ ದಾಟುವ ಹೊತ್ತಿನಲ್ಲಿ ಹೊಂದಿಸಿ ಪರೀಕ್ಷಿಸಿದ. ಅವನಿಗೂ ಹೊರಗೆ ನೀರೇ ಇತ್ತು, ನಮಗೂ ನೀರೇ.

ಎಲೆ ಎಂದ ಕೂಡಲೇ ಜೂಜು ಎನ್ನುವ ಹಿರಿಯರು ಇನ್ನೂ ಇದ್ದಾರೆ. ನಮ್ಮ ಮನೆಯಲ್ಲೂ ಇದ್ದರು. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯ ಮೇಲಿನ ಒಂದು ಮೊಕದ್ದಮೆಯಲ್ಲಿ, ಅದು ಮುಖ್ಯವಾಗಿ ಜಾಣತನದ ಆಟ, ಅದರಲ್ಲಿರುವ ಅದೃಷ್ಟ ಬ್ರಿಡ್ಜಿನಲ್ಲಿ ಎಲೆ ಹಂಚುವಾಗ ಇರುವಂಥ ಅದೃಷ್ಟವೇ ಎಂದು ಹೇಳಿತು. ಅಂದರೆ ರಮ್ಮಿಯನ್ನು ಅಳೆಯಲು ಹೋದ ಕೋರ್ಟಿಗೆ ಬ್ರಿಡ್ಜ್ ಸೇರಿನ ಹಾಗೆ ಕೈಗೆ ಸಿಕ್ಕಿತು. ಇನ್ನು 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸಿಗೆ ಬ್ರಿಡ್ಜ್ ಮೊದಲ ಸಲ ಸೇರಿದಾಗ ನಮ್ಮ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಪುರುಷರ ಜೋಡಿಯಲ್ಲಿ ಚಿನ್ನ ತಂದರು. ಒಬ್ಬರಿಗೆ 60 ವರ್ಷ, ಇನ್ನೊಬ್ಬರಿಗೆ 56. ಹಾಕಿ ಸ್ಟಿಕ್ ಹಿಡಿದು ಹುಟ್ಟುವ ಊರಿನವರು ನಾವು, ಮಂಡಿ ನೋವು ಬಂದ ಮೇಲೂ ಚಿನ್ನದ ಆಸೆ ಇಟ್ಟುಕೊಳ್ಳಬಹುದು ಎನ್ನುವುದು ನನಗಂತೂ ಒಳ್ಳೆ ಸುದ್ದಿ.

ಸರಿ, ಎಲೆಗೆ ಬರೋಣ.

ಬ್ರಿಡ್ಜ್ ಕಲಿತವರಿಗೆಲ್ಲ ಒಂದು ಕಾಯಿಲೆ ಹತ್ತುತ್ತದೆ. ಮೇಜಿನಲ್ಲಿ ಕೂತರೆ ಸಾಕು, ಕಾಣದ ರಾಣಿ ಯಾರ ಕೈಯಲ್ಲಿದ್ದಾಳೆ ಎಂದು ಹುಡುಕಾಟ ಶುರು. ಎದುರಾಳಿಯ ಮುಖ ನೋಡುವುದು, ಎಲೆ ಹಾಕುವಾಗ ಕೈ ತಡೆಯಿತೇ ಎಂದು ನೋಡುವುದು, ಸಿಗರೇಟಿನ ಬೂದಿ ಎತ್ತ ಬಿತ್ತು ಎಂದು ನೋಡುವುದು. ನಾನೂ ಹತ್ತಾರು ವರ್ಷ ಹೀಗೇ ಹುಡುಕಿದವನು. ಈಗ ಹೇಳುವುದಿಷ್ಟೇ: ರಾಣಿ ಎಲ್ಲಿ ಎಂದು ಕೇಳುವ ಮೊದಲು, ಆ ಪ್ರಶ್ನೆ ಕೇಳಲೇಬೇಕಾ ಎಂದು ಕೇಳಿಕೊಳ್ಳಿ. ಎಷ್ಟೋ ಸಲ ಬೇಕಾಗಿರುವುದಿಲ್ಲ.

ಸುಲಭದ್ದು ಮೊದಲು. ನಾವು ದಕ್ಷಿಣ, ಡಮ್ಮಿ ಉತ್ತರ. ತುರುಫು, ಅಂದರೆ ಉಳಿದ ಜಾತಿಗಳನ್ನೆಲ್ಲ ಹೊಡೆಯುವ ಜಾತಿ, ಇಲ್ಲದ ಆಟ, 9 ಪಟ್ಟು ಬೇಕು.

ಡಮ್ಮಿ: ಇಸ್ಪೀಟು ರಾಜ, 6, 3, ಆಟೀನು 7, 2, ಡೈಮನ್ ರಾಜ, 5, 4, ಕಳಾವರ್ ಎಕ್ಕ, ಗುಲಾಮ, 10, 9, 4.

ನಮ್ಮ ಕೈ: ಇಸ್ಪೀಟು ಎಕ್ಕ, 8, 4, ಆಟೀನು ಎಕ್ಕ, 8, 5, ಡೈಮನ್ ಎಕ್ಕ, 9, 6, 2, ಕಳಾವರ್ ರಾಜ, 8, 2.

ಪಶ್ಚಿಮದವರು ಆಟೀನು ರಾಜ ಇಳಿಸಿದರು. ಎಕ್ಕ ಇದೆ ಎಂದು ತಟ್ಟನೆ ಹೊಡೆಯಬೇಡಿ. ಇಪ್ಪತ್ತೆಂಟಿನವರ ಕೈ ಇಲ್ಲಿ ತುರಿಸುತ್ತದೆ, ನನಗೆ ಗೊತ್ತು. ಎರಡು ಸಲ ಬಿಡಿ, ಮೂರನೇ ಸಲ ಹಿಡಿಯಿರಿ. ಅವರ ಎಂಟು ಆಟೀನು ಐದು ಮೂರು ಎಂದು ಹಂಚಿದ್ದರೆ, ಈಗ ಪೂರ್ವದವರ ಕೈಯಲ್ಲಿ ಒಂದೂ ಆಟೀನು ಇಲ್ಲ. ಪಶ್ಚಿಮದವರ ಹತ್ತಿರ ಎರಡಿವೆ, ಎರಡೂ ಗೆಲ್ಲುವ ಎಲೆ, ಆದರೆ ಅವನ್ನು ಇಳಿಸಲು ಅವರಿಗೆ ಒಂದು ಪಟ್ಟು ಸಿಗಬೇಕಲ್ಲ?

ಇನ್ನು ಕಳಾವರ್. ರಾಣಿ ಇಲ್ಲ. ಎರಡೂ ಕಡೆಯಿಂದ ಹಿಡಿಯಲು ಆಗುವಂಥ ಜೋಡಣೆ. ಎಲ್ಲರ ಕಣ್ಣೂ ಈಗ ಆ ರಾಣಿಯ ಮೇಲೆ. ಲೆಕ್ಕ ಹಾಕಿ ನೋಡಿ: ಇಸ್ಪೀಟು ಎರಡು, ಡೈಮನ್ ಎರಡು, ಆಟೀನು ಒಂದು, ಐದಾಯಿತು. ಕಳಾವರಿನಲ್ಲಿ ನಾಲ್ಕು ಬಂದರೆ ಒಂಬತ್ತು. ಐದು ಕಳಾವರಿನಲ್ಲಿ ಒಂದು ಕಳೆದುಕೊಂಡರೂ ನಾಲ್ಕು ಬರುತ್ತದೆ. ಅಂದರೆ ರಾಣಿಗೆ ಒಂದು ಪಟ್ಟು ಕೊಟ್ಟರೆ ನಮಗೇನೂ ನಷ್ಟವಿಲ್ಲ, ಯಾರಿಗೆ ಕೊಡುತ್ತೇವೆ ಎನ್ನುವುದರಲ್ಲಿದೆ ಎಲ್ಲ. ಪಶ್ಚಿಮದವರಿಗೆ ಕೊಟ್ಟರೆ ಎರಡು ಆಟೀನು ಎತ್ತಿ ನಮ್ಮನ್ನು ಮಣ್ಣು ಮಾಡುತ್ತಾರೆ. ಪೂರ್ವದವರಿಗೆ ಕೊಟ್ಟರೆ ಅವರು ಏನು ಇಳಿಸಿದರೂ ನಮ್ಮ ಎಕ್ಕವೋ ರಾಜನೋ ಕಾದಿರುತ್ತಾರೆ. ಹಾಗಾಗಿ ಕಳಾವರ್ ರಾಜ ಆಡಿ, ಆಮೇಲೆ 2 ಇಳಿಸಿ, ಪಶ್ಚಿಮದವರು ಸಣ್ಣದು ಹಾಕಿದರೆ ಡಮ್ಮಿಯ ಗುಲಾಮ. ರಾಣಿ ಪೂರ್ವದಲ್ಲಿದ್ದರೆ ಅವರು ಗೆಲ್ಲಲಿ, ಸಂತೋಷ. ಆಟೀನು ನಾಲ್ಕು ನಾಲ್ಕು ಇದ್ದು ಪೂರ್ವದವರ ಹತ್ತಿರ ಇನ್ನೊಂದು ಉಳಿದಿತ್ತು ಎಂದುಕೊಳ್ಳಿ, ಆಗಲೂ ಅವರಿಗೆ ಒಟ್ಟು ನಾಲ್ಕೇ ಪಟ್ಟು, ನಮಗೆ ಒಂಬತ್ತು.

ಇದರಲ್ಲಿ ನನಗೆ ಇಷ್ಟದ ಸಂಗತಿ ಒಂದಿದೆ. ರಾಣಿ ಪೂರ್ವದಲ್ಲೇ ಇದ್ದಾಳೆ ಎಂದು ನಿಮಗೆ ಬಲವಾದ ಗುಮಾನಿ ಬಂದರೂ ಹೀಗೇ ಆಡಬೇಕು. ಗುಮಾನಿ ಸರಿಯಾದರೆ ಒಂದು ಪಟ್ಟು ಕಳೆದುಕೊಂಡು ಗೆದ್ದಿರಿ. ಗುಮಾನಿಯನ್ನು ನಂಬಿ ಆ ಕಡೆಯಿಂದ ಹಿಡಿಯಲು ಹೋಗಿ ತಪ್ಪಾದರೆ ಮುಳುಗಿದಿರಿ. (ಜೋಡಿಗಳ ಸ್ಪರ್ಧೆಯಲ್ಲಿ ಒಂದು ಹೆಚ್ಚಿನ ಪಟ್ಟಿಗೂ ಬೆಲೆ ಇರುತ್ತದೆ, ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಇದನ್ನು ಹೇಳದೆ ಹೋದರೆ ಮುಂದಿನ ಸಾಲಿನಲ್ಲಿ ಕೂತ ಇಬ್ಬರು ನನ್ನನ್ನು ಬಿಡುವುದಿಲ್ಲ.)

ಈಗ ನಾನು ಸೋತ ಕಥೆ.

ವಿರಾಜಪೇಟೆ ಕಡೆಯ ಒಂದು ಕ್ಲಬ್ಬು. ಹೆಂಚಿನ ಮಾಡು, ಗೋಡೆಯಲ್ಲಿ ಹಳೇ ಕಡವೆ ಕೊಂಬು, ಮೂಲೆಯಲ್ಲಿ ಒದ್ದೆ ಕೊಡೆಗಳ ರಾಶಿ. ಅಲ್ಲಿ ನನ್ನ ಜೊತೆಗಾರರು ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಹಿರಿಯರು. ಸಂಬಂಧದಲ್ಲಿ ದೂರದವರು, ನಾನು ಮಾವ ಎಂದೇ ಕರೆಯುತ್ತಿದ್ದೆ. ಆಟವನ್ನು ಅವರು ಮೆಸ್ಸಿನಲ್ಲಿ ಕಲಿತದ್ದು. ಮಾತು ಕಡಿಮೆ, ಎಲೆಯನ್ನು ಕೋವಿಗೆ ತೋಟೆ ತುಂಬಿದ ಹಾಗೆ ಒಂದೊಂದೇ ಜೋಡಿಸಿಕೊಳ್ಳುವವರು. ನಾನು ಆಗ ತಾನೇ ಎದುರಾಳಿಗಳನ್ನು ಮೂಲೆಗೆ ಒತ್ತುವ ಎಂಡ್‌ಪ್ಲೇ ಎನ್ನುವ ವಿದ್ಯೆ ಓದಿಕೊಂಡಿದ್ದೆ. ಹೊಸ ಕತ್ತಿ ಸಿಕ್ಕಿದವನ ಹಾಗೆ ಕಂಡ ಕಂಡ ಗಿಡಕ್ಕೆಲ್ಲ ಬೀಸುತ್ತಿದ್ದ ಕಾಲ.

ಬಂದ ಎಲೆ ಇದು. ಇಸ್ಪೀಟು ತುರುಫು, 12 ಪಟ್ಟು ಕೂಗಿದ್ದೇವೆ, ಅಂದರೆ ಕಳೆದುಕೊಳ್ಳಲು ಒಂದೇ ಒಂದು.

ಡಮ್ಮಿ: ಇಸ್ಪೀಟು ರಾಜ, ರಾಣಿ, 8, 4, ಆಟೀನು ಎಕ್ಕ, 7, 4, ಡೈಮನ್ ರಾಜ, 10, 7, 4, ಕಳಾವರ್ ಎಕ್ಕ, 6.

ನನ್ನ ಕೈ: ಇಸ್ಪೀಟು ಎಕ್ಕ, ಗುಲಾಮ, 10, 9, 5, ಆಟೀನು ರಾಜ, 8, 5, ಡೈಮನ್ ಎಕ್ಕ, ಗುಲಾಮ, 3, ಕಳಾವರ್ ರಾಜ, 3.

ಪಶ್ಚಿಮದವರು ಕಳಾವರ್ ರಾಣಿ ಇಳಿಸಿದರು.

ಸ್ವಲ್ಪ ನಿಲ್ಲಿ, ನೋಡಿ. ತುರುಫಿನಲ್ಲಿ ಐದು, ಆಟೀನಿನಲ್ಲಿ ಎರಡು, ಕಳಾವರಿನಲ್ಲಿ ಎರಡು, ಒಂಬತ್ತಾಯಿತು. ಡೈಮನ್ನಿನಲ್ಲಿ ಮೂರು ಬರಬೇಕು. ಆಟೀನಿನ ಮೂರನೇ ಸುತ್ತು ಹೋಗುವುದು ಗ್ಯಾರಂಟಿ, ಅದನ್ನು ಉಳಿಸುವ ದೇವರಿಲ್ಲ. ಹಾಗಾದರೆ ಡೈಮನ್ ರಾಣಿಗೆ ಒಂದು ಪಟ್ಟೂ ಕೊಡುವಂತಿಲ್ಲ. ರಾಣಿ ಪಶ್ಚಿಮದಲ್ಲಿದ್ದರೆ ಈ ಕಡೆಯಿಂದ ಆಡಿ ಡಮ್ಮಿಯ ಹತ್ತು ಹಾಕಬೇಕು, ಪೂರ್ವದಲ್ಲಿದ್ದರೆ ಡಮ್ಮಿಯಿಂದ ಆಡಿ ನನ್ನ ಗುಲಾಮ ಹಾಕಬೇಕು. ನಾಣ್ಯ ಚಿಮ್ಮಿದ ಹಾಗೆ, ಐವತ್ತಕ್ಕೆ ಐವತ್ತು.

ಡೈಮನ್ ಜಾತಿಯನ್ನು ಯಾರು ಮೊದಲು ಮುಟ್ಟುತ್ತಾರೋ ಅವರು ಕೆಟ್ಟರು. ನಾವು ಮುಟ್ಟಿದರೆ ಊಹೆ ಮಾಡಬೇಕು. ಅವರು ಮುಟ್ಟಿದರೆ ಊಹೆಯ ಗೊಡವೆಯೇ ಇಲ್ಲ. ಪಶ್ಚಿಮದವರು ಸಣ್ಣ ಡೈಮನ್ ಇಳಿಸಿದರು ಎನ್ನಿ, ಡಮ್ಮಿಯಿಂದ 4 ಹಾಕಿ. ಪೂರ್ವದವರು ರಾಣಿ ಹಾಕಿದರೆ ನನ್ನ ಎಕ್ಕ, ಹಾಕದಿದ್ದರೆ ನನ್ನ ಗುಲಾಮನೇ ಸಾಕು. ಪೂರ್ವದವರು ಇಳಿಸಿದರೆ ನನ್ನದು 3, ಆಮೇಲೆ ಪಶ್ಚಿಮದವರು ರಾಣಿ ಹಾಕಿದರೆ ಡಮ್ಮಿಯ ರಾಜ, ಇಲ್ಲವಾದರೆ ಡಮ್ಮಿಯ ಹತ್ತು. ಯಾವ ಕಡೆಯಿಂದ ಬಂದರೂ ರಾಣಿ ಸತ್ತಳು.

ಹಾಗಾದರೆ ಅವರನ್ನು ಡೈಮನ್ ಮುಟ್ಟುವಂತೆ ಮಾಡುವುದು ಹೇಗೆ? ಆ ಹೇಗೂ ಹೋಗುವ ಆಟೀನು ಇದೆಯಲ್ಲ, ಅದೇ ಉಪಾಯ. ಅದನ್ನು ಕೊಡುವ ಹೊತ್ತು ನಮ್ಮ ಕೈಯಲ್ಲಿದೆ. ಅವರು ಅದನ್ನು ಗೆದ್ದಾಗ ಮುಂದಿನ ಎಲೆ ಅವರೇ ಇಳಿಸಬೇಕು. ಆ ಹೊತ್ತಿಗೆ ಡೈಮನ್ ಬಿಟ್ಟು ಬೇರೆ ಏನು ಇಳಿಸಿದರೂ ಅವರಿಗೆ ನಷ್ಟ ಎನ್ನುವ ಹಾಗೆ ಮಾಡಿಟ್ಟಿದ್ದರೆ ಮುಗಿಯಿತು.

ಇಷ್ಟೆಲ್ಲ ನನಗೆ ಗೊತ್ತಿತ್ತು, ಓದಿಕೊಂಡಿದ್ದೆನಲ್ಲ. ಕಳಾವರ್ ಎಕ್ಕದಲ್ಲಿ ಗೆದ್ದೆ. ತುರುಫು ಎರಡು ಸುತ್ತು ಎಳೆದೆ, ಎರಡು ಎರಡು ಇತ್ತು, ಅವರ ಹತ್ತಿರ ತುರುಫು ಖಾಲಿ. ಆಟೀನು ಎಕ್ಕ, ಆಟೀನು ರಾಜ, ಆಮೇಲೆ ಒಂದು ಸಣ್ಣ ಆಟೀನು. ಎಲೆಯನ್ನು ಮೇಜಿಗೆ ಬಡಿದ ಸದ್ದು ನನಗೆ ಇನ್ನೂ ನೆನಪಿದೆ, ಸ್ವಲ್ಪ ಜೋರಾಗಿಯೇ ಬಡಿದಿದ್ದೆ. ಪಶ್ಚಿಮದವರು ರಾಣಿಯಲ್ಲಿ ಗೆದ್ದರು. ನಾನು ಕುರ್ಚಿಗೆ ಒರಗಿ ಕೂತೆ. ಈಗ ಡೈಮನ್ ಬರಲೇಬೇಕು.

ಅವರು ಕನ್ನಡಕ ಸರಿಮಾಡಿಕೊಂಡು ಕಳಾವರ್ ಗುಲಾಮ ಇಳಿಸಿದರು.

ನನ್ನ ಕೈಯಲ್ಲಿ ಕಳಾವರ್ ರಾಜ ಹಾಗೇ ಇದ್ದ. ಡಮ್ಮಿಯಲ್ಲಿ 6 ಹಾಗೇ ಇತ್ತು. ಗೆದ್ದೆ, ಗೆಲ್ಲಲೇಬೇಕಲ್ಲ. ಈಗ ಇಳಿಸುವ ಸರದಿ ನನ್ನದು, ಉಳಿದಿದ್ದು ತುರುಫು ಮತ್ತು ಡೈಮನ್. ಕೊಟ್ಟು ಜಾರಿಕೊಳ್ಳಲು ಬೇರೊಂದು ಸೋಲುವ ಎಲೆ ಇರಲಿಲ್ಲ. ಕೊನೆಗೆ ಬಂದು ನಿಂತದ್ದು ಅದೇ ನಾಣ್ಯದ ಆಟಕ್ಕೆ. ಪಶ್ಚಿಮದಲ್ಲಿ ಎಂದು ಊಹಿಸಿದೆ, ಹತ್ತು ಹಾಕಿದೆ. ಪೂರ್ವದವರು ರಾಣಿಯನ್ನು ಇಟ್ಟರು. 980 ಅಂಕ ಬರಬೇಕಾದಲ್ಲಿ ಎದುರಾಳಿಗಳಿಗೆ 50.

ಮಾವ ಡಮ್ಮಿ. ಆಟ ಮುಗಿಯುವ ತನಕ ಹುಬ್ಬು ಏರಿಸಲಿಲ್ಲ. ಮುಗಿದ ಮೇಲೂ ಬೈಯಲಿಲ್ಲ. ನಾಲ್ಕೂ ಕೈಯ ಎಲೆಗಳನ್ನು ಮತ್ತೆ ಹರಡಿ, ಡಮ್ಮಿಯ ಆ ಕಳಾವರ್ 6ರ ಮೇಲೆ ಬೆರಳಿಟ್ಟು ಕೇಳಿದರು:

"ಮೊನ್ನೆ ನಿಮ್ಮ ತೋಟಕ್ಕೆ ಆನೆ ಬಂದಿತ್ತಲ್ಲ, ಹೇಗೆ ಓಡಿಸಿದ್ರಿ?"

"ಫಾರೆಸ್ಟಿನವರು ಬಂದಿದ್ರು ಮಾವ. ರಸ್ತೆ ಕಡೆ ಗೇಟು, ಲೈನ್ ಮನೆ ಕಡೆ ಗೇಟು, ಎಲ್ಲಾ ಕಡೆ ಜನ ನಿಲ್ಲಿಸಿದ್ರು. ಕಾಡಿನ ಕಡೆದು ಮಾತ್ರ ಬಿಟ್ಟು ಪಟಾಕಿ ಹೊಡೆದ್ರು."

"ಗೇಟು ನೋಡದೆ ಮೊದಲೇ ಪಟಾಕಿ ಹೊಡೆದಿದ್ರೆ?"

ನಾನು ಬಾಯಿ ಮುಚ್ಚಿಕೊಂಡೆ. ಅವರು ಆ ಆರನ್ನು ಎತ್ತಿ ನನ್ನ ಅಂಗಿ ಜೇಬಿಗೆ ಹಾಕಿದರು. ಆ ದಿನ ಕಟ್ಟಿನಲ್ಲಿ ಎಲೆ ಕಡಿಮೆಯಾಗಿ ಮುಂದಿನ ಹಂಚಿಕೆಯೇ ಕೆಟ್ಟಿತು ಅನ್ನುವುದು ಬೇರೆ ಮಾತು.

ಆಗಬೇಕಿದ್ದದ್ದು ಇಷ್ಟೇ. ತುರುಫು ಎಳೆದಾದ ಮೇಲೆ, ಆಟೀನು ಮುಟ್ಟುವ ಮೊದಲೋ ಮಧ್ಯದಲ್ಲೋ, ಕಳಾವರ್ ರಾಜನನ್ನು ಒಮ್ಮೆ ಆಡಿ ಮುಗಿಸಬೇಕಿತ್ತು. ಆ ಎಲೆ ಹೇಗೂ ಗೆಲ್ಲುತ್ತದೆ, ಇವತ್ತಲ್ಲ ನಾಳೆ ಆಡಿದರಾಯಿತು ಎಂದು ನಾವು ಗೆಲ್ಲುವ ಎಲೆಯನ್ನು ಬ್ಯಾಂಕಿನಲ್ಲಿಟ್ಟ ದುಡ್ಡಿನ ಹಾಗೆ ಇಟ್ಟುಕೊಳ್ಳುತ್ತೇವೆ. ಆದರೆ ಇಲ್ಲಿ ಅದು ದುಡ್ಡಲ್ಲ, ಎದುರಾಳಿಗೆ ತೆರೆದಿಟ್ಟ ಗೇಟು. ಅದನ್ನು ಆಡಿ ಮುಗಿಸಿದರೆ ನಮ್ಮ ಎರಡೂ ಕೈಯಲ್ಲಿ ಕಳಾವರ್ ಇಲ್ಲ. ಆಟೀನು ಮೂರು ಸುತ್ತು ಆದ ಮೇಲೆ ಎರಡೂ ಕೈಯಲ್ಲಿ ಆಟೀನೂ ಇಲ್ಲ. ಉಳಿದದ್ದು ತುರುಫು, ಡೈಮನ್.

ಈಗ ಆಟೀನು ರಾಣಿಯಲ್ಲಿ ಗೆದ್ದ ಪಶ್ಚಿಮದವರು ಕಳಾವರ್ ಇಳಿಸಿದರೆ ಏನಾಗುತ್ತದೆ? ಇದನ್ನು ನಿಧಾನವಾಗಿ ನೋಡಿ, ಹೊಸಬರು ಎಡವುವುದು ಇಲ್ಲೇ. ಕಳಾವರ್ ನಮ್ಮ ಎರಡೂ ಕೈಯಲ್ಲಿಲ್ಲ. ಡಮ್ಮಿಯಿಂದ ತುರುಫು ಹೊಡೆಯುತ್ತೇನೆ, ಅದೇ ಪಟ್ಟಿಗೆ ನನ್ನ ಕೈಯಿಂದ ಡೈಮನ್ 3 ಬಿಸಾಡುತ್ತೇನೆ. ಈಗ ನನ್ನ ಹತ್ತಿರ ಡೈಮನ್ ಎಕ್ಕ, ಗುಲಾಮ, ಎರಡೇ. ಎಕ್ಕ ಒಂದು ಪಟ್ಟು, ಗುಲಾಮನ ಮೇಲೆ ಡಮ್ಮಿಯ ರಾಜ ಹಾಕಿ ಇನ್ನೊಂದು. ಮೂರನೇ ಸುತ್ತಿಗೆ ನನ್ನ ಹತ್ತಿರ ಡೈಮನ್ನೇ ಇಲ್ಲ, ತುರುಫು ಇದೆ. ರಾಣಿ ಯಾರ ಕೈಯಲ್ಲಾದರೂ ಕೂತು ಮುಪ್ಪಾಗಲಿ. ಆಟೀನು ಉಳಿದಿದ್ದು ಅದನ್ನು ಇಳಿಸಿದರೂ ಇದೇ ಕಥೆ.

ಒಂದು ಎಚ್ಚರ. ತುರುಫು ಹೊಡೆಯುವುದು ಡಮ್ಮಿಯಿಂದ, ಡೈಮನ್ ಬಿಸಾಡುವುದು ನನ್ನ ಕೈಯಿಂದ. ತಿರುಗಾಮುರುಗಾ ಮಾಡಿ ನನ್ನ ಕೈಯಿಂದ ಹೊಡೆದು ಡಮ್ಮಿಯ ಡೈಮನ್ ಎಸೆದರೆ ನಯಾ ಪೈಸೆ ಲಾಭವಿಲ್ಲ. ಡಮ್ಮಿಯಲ್ಲಿ ನಾಲ್ಕಿದ್ದದ್ದು ಮೂರಾಗುತ್ತದೆ, ನನ್ನ ಕೈಯಲ್ಲಿ ಮೂರು ಹಾಗೇ ಇರುತ್ತದೆ, ರಾಣಿ ಮತ್ತೆ ಜೀವಂತ. ಪುಕ್ಕಟೆ ಸಿಕ್ಕಿದ್ದನ್ನು ಯಾವ ಚೀಲಕ್ಕೆ ಹಾಕಬೇಕು ಎಂದು ಗೊತ್ತಿರಬೇಕು. ಇದನ್ನೂ ನಾನು ಒಮ್ಮೆ ತಪ್ಪು ಮಾಡಿದ್ದೇನೆ, ಆ ಕಥೆ ಬೇಡ.

ಗಮನಿಸಿದಿರಾ, ಆಟೀನಿನ ಮೂರನೇ ಸುತ್ತು ಪಶ್ಚಿಮದವರು ಗೆಲ್ಲುತ್ತಾರೋ ಪೂರ್ವದವರೋ ಎನ್ನುವುದೂ ಬೇಕಾಗಿಲ್ಲ. ಮೊದಲಿನ ಎಲೆಯಲ್ಲಿ ಒಬ್ಬರಿಗೆ ಕೊಡಬಹುದಿತ್ತು, ಇನ್ನೊಬ್ಬರಿಗೆ ಕೊಡಬಾರದಿತ್ತು. ಇಲ್ಲಿ ಇಬ್ಬರಲ್ಲಿ ಯಾರಿಗಾದರೂ ಕೊಡಿ. ಡೈಮನ್ ರಾಣಿಯ ಬಗ್ಗೆ ಐವತ್ತಕ್ಕೆ ಐವತ್ತು ಇದ್ದದ್ದು, ತುರುಫು ಎರಡು ಎರಡಾಗಿಯೋ ಮೂರು ಒಂದಾಗಿಯೋ ಹಂಚಿದ್ದರೆ ನೂರಕ್ಕೆ ನೂರು ಆಗುತ್ತದೆ. ಕಾಣದ ನಾಲ್ಕು ತುರುಫು ಎರಡು ಎರಡಾಗುವುದು ನೂರಕ್ಕೆ ಸುಮಾರು 40 ಸಲ, ಮೂರು ಒಂದಾಗುವುದು ಸುಮಾರು 50 ಸಲ. ಮೂರು ಸುತ್ತು ಎಳೆದರೂ ಡಮ್ಮಿಯಲ್ಲಿ ಒಂದು ತುರುಫು ಉಳಿಯುತ್ತದೆ, ಅಷ್ಟೇ ಸಾಕು.

ಇಷ್ಟು ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೈ ಎತ್ತಿದ. ಪೊನ್ನಂಪೇಟೆ ಕಡೆಯವನು, ಮುಂದೆ ಒಳ್ಳೆ ಆಟಗಾರ ಆಗುತ್ತಾನೆ, ಯಾಕೆಂದರೆ ಅವನಿಗೆ ನೂರಕ್ಕೆ ತೊಂಬತ್ತು ಸಾಲಲಿಲ್ಲ.

"ಸಾರ್, ನಾಲ್ಕೂ ತುರುಫು ಒಬ್ಬರ ಕೈಯಲ್ಲೇ ಇದ್ದರೆ?"

ನಾನು ಕಾಯುತ್ತಿದ್ದ ಪ್ರಶ್ನೆ.  ನಾಲ್ಕೂ ಒಂದೇ ಕಡೆ ಬೀಳುವುದು ನೂರಕ್ಕೆ ಹತ್ತರ ಹತ್ತಿರ. ಕಡೆಗಣಿಸುವಷ್ಟು ಅಪರೂಪವಲ್ಲ. ನಮ್ಮೂರಲ್ಲಿ ಕಾಫಿ ಅರಳಿಸುವ ಹೂ ಮಳೆ ತಪ್ಪುವುದಕ್ಕಿಂತ ಅಪರೂಪವೇನಲ್ಲ ಎಂದು ಬೆಳೆಗಾರರು ಈಗಾಗಲೇ ಮನಸ್ಸಿನಲ್ಲಿ ಹೇಳಿಕೊಂಡಿರುತ್ತಾರೆ.

ನಾಲ್ಕೂ ಪಶ್ಚಿಮದಲ್ಲಿವೆ ಎಂದುಕೊಳ್ಳಿ. ಮೊದಲ ಸುತ್ತಿನಲ್ಲೇ ಗೊತ್ತಾಗುತ್ತದೆ, ಪೂರ್ವದವರು ಬೇರೆ ಜಾತಿ ಬಿಸಾಡುತ್ತಾರೆ. ನಾಲ್ಕೂ ಸುತ್ತು ಎಳೆದರೆ ಡಮ್ಮಿ ಖಾಲಿ, ಪುಕ್ಕಟೆಯಾಗಿ ತುರುಫು ಹೊಡೆಯುವ ಬೆದರಿಕೆಯೂ ಖಾಲಿ. ಹಾಗಾಗಿ ಮೂರೇ ಸುತ್ತು ಎಳೆಯಿರಿ, ಡಮ್ಮಿಯಲ್ಲಿ ರಾಜನನ್ನು ಉಳಿಸಿಕೊಳ್ಳಿ. ಪಶ್ಚಿಮದವರ ಹತ್ತಿರ ಒಂದು ಸಣ್ಣ ತುರುಫು ಇರಲಿ. ಕಳಾವರ್ ರಾಜ, ಆಟೀನು ಎಕ್ಕ, ಆಟೀನು ರಾಜ ಆಡಿ. ಪಶ್ಚಿಮದವರು ಎಲ್ಲಕ್ಕೂ ಅದೇ ಜಾತಿ ಹಾಕಿದರೆ ಬಚಾವು, ನಡುವೆ ತುರುಫು ಹೊಡೆದರೆ ಆ ದಿನ ನಮ್ಮದಲ್ಲ. ಆಮೇಲೆ ಆಟೀನು ಕೊಡಿ. ಅದನ್ನು ಪೂರ್ವದವರು ಗೆದ್ದರೆ ಅವರು ಹಿಂದಿನ ಹಾಗೇ ಸಿಕ್ಕಿಬಿದ್ದರು. ಅವರು ಕಳಾವರ್ ಇಳಿಸಿದರೆ ನನ್ನಿಂದ ಡೈಮನ್ 3, ಪಶ್ಚಿಮದವರು ತಮ್ಮ ಸಣ್ಣ ತುರುಫು ಹಾಕಲಿ, ಡಮ್ಮಿಯ ರಾಜ ಅದರ ಮೇಲೆ.

ಪಶ್ಚಿಮದವರೇ ಗೆದ್ದರೆ? ಅವರಿಗೆ ಒಂದು ಗೇಟು ಇದೆ, ಕೊನೆಯ ತುರುಫು. ಅದನ್ನು ಇಳಿಸಿ ಪಾರಾಗುತ್ತಾರೆ. ನಾನು ಡಮ್ಮಿಯ ರಾಜನಲ್ಲಿ ಗೆಲ್ಲುತ್ತೇನೆ, ಡೈಮನ್ ನಾನೇ ಮುಟ್ಟಬೇಕು. ಇಷ್ಟು ಹೊತ್ತು ಬೇಡ ಎಂದು ಹೇಳಿದ ಪ್ರಶ್ನೆಯನ್ನು ಈಗ ಕೇಳಲೇಬೇಕು, ರಾಣಿ ಎಲ್ಲಿ?

ಕೇಳಿ, ಆದರೆ ಮುಖ ನೋಡಿ ಅಲ್ಲ. ಆ ಹೊತ್ತಿಗೆ ಒಂಬತ್ತು ಪಟ್ಟು ಬಿದ್ದಿರುತ್ತದೆ, ಬಿದ್ದ ಎಲೆಗಳು ಮಾತಾಡುತ್ತವೆ. ಒಂದು ಉದಾಹರಣೆ ಕೊಡುತ್ತೇನೆ. ಪೂರ್ವದವರು ತುರುಫಿನ ಮೇಲೆ ಬಿಸಾಡಿದ್ದೆಲ್ಲ ಕಳಾವರ್. ಆಟೀನು ಎರಡು ಸುತ್ತಿಗೆ ಹಾಕಿದರು, ಮೂರನೇ ಸುತ್ತಿಗೆ ಅವರ ಹತ್ತಿರ ಆಟೀನು ಇರಲಿಲ್ಲ. ಅವರ ಕಡೆಯ ಆಟೀನು ಒಟ್ಟು ಏಳು, ಪೂರ್ವದಲ್ಲಿ ಎರಡಾದರೆ ಪಶ್ಚಿಮದಲ್ಲಿ ಐದು. ಪಶ್ಚಿಮದವರ ತುರುಫು ನಾಲ್ಕು, ಆಟೀನು ಐದು, ಒಂಬತ್ತಾಯಿತು. ಕಳಾವರಿಗೆ ಎರಡು ಸಲ ಎಲೆ ಹಾಕಿದ್ದು ನಮ್ಮ ಕಣ್ಣೆದುರಿಗೇ, ಹನ್ನೊಂದಾಯಿತು. ಹದಿಮೂರರಲ್ಲಿ ಡೈಮನ್ನಿಗೆ ಉಳಿದ ಜಾಗ ಹೆಚ್ಚೆಂದರೆ ಎರಡು. ಅವರ ಕಡೆಯ ಡೈಮನ್ ಆರು, ಅದರಲ್ಲಿ ಕಡಿಮೆಯೆಂದರೂ ನಾಲ್ಕು ಪೂರ್ವದಲ್ಲಿವೆ. ಆರು ಮಕ್ಕಳಲ್ಲಿ ನಾಲ್ವರು ಒಂದು ಮನೆಯಲ್ಲಿದ್ದರೆ, ಕಾಣೆಯಾದ ಮಗುವನ್ನು ಮೊದಲು ಯಾವ ಮನೆಯಲ್ಲಿ ವಿಚಾರಿಸುತ್ತೀರಿ?

ಡಮ್ಮಿಯಿಂದ ಡೈಮನ್ 4 ಇಳಿಸಿ, ಪೂರ್ವದವರು ಸಣ್ಣದು ಹಾಕಿದರೆ ಗುಲಾಮ ಹಾಕಿ. ಮೂರರಲ್ಲಿ ಎರಡು ಸಲ ಗೆಲ್ಲುತ್ತೀರಿ. ಇನ್ನೊಂದು ಸಲ ಪಶ್ಚಿಮದವರು ಕನ್ನಡಕ ಸರಿಮಾಡಿಕೊಂಡು ರಾಣಿಯನ್ನು ಇಡುತ್ತಾರೆ, ಆ ದಿನದ ಕಾಫಿ ಬಿಲ್ಲು ನಿಮ್ಮದು.

ಆ ಕಡೆ ಮೇಜುಗಳ ಮೇಲೆ ಎಂಟು ಬೋರ್ಡು, ಅಂದರೆ ನಾಲ್ಕೂ ಕೈಯ ಎಲೆ ಮೊದಲೇ ಹಂಚಿಟ್ಟ ತಟ್ಟೆಗಳನ್ನು, ಜೋಡಿಸಿಟ್ಟಿದ್ದೇವೆ. ಎಲ್ಲ ಮೇಜಿಗೂ ಅದೇ ಎಲೆ, ಹಾಗಾಗಿ ಎಲೆ ಕೆಟ್ಟದಿತ್ತು ಎಂದು ಯಾರೂ ಹೇಳುವಂತಿಲ್ಲ. ಐದನೇ ಬೋರ್ಡಿನಲ್ಲಿ ಕಳಾವರ್ 6 ಇಲ್ಲದಿದ್ದರೆ ಬಂದು ನನ್ನ ಜೇಬು ನೋಡಿ.